ಮೀಡಿಯಂ ಸೈಜಿನ ಮನುಷ್ಯ

ಶರ್ಟು ಕೊಳ್ಳುವ ವಿದೇಶಿ ಕಂಪನಿಗೆ ಅಳತೆಗೆ ಶರ್ಟು ತೊಡಿಸುವ ಗೊಂಬೆಯ ಮೇಲಿನ ನಂಬಿಕೆ ಹೋಗಿತ್ತು. ಇನ್ನು ಮುಂದೆ ಪ್ರತಿ ಹೊಸ ಸ್ಯಾಂಪಲನ್ನೂ ಜೀವಂತ ಮನುಷ್ಯನಿಗೆ ತೊಡಿಸಿ ವಿಡಿಯೊ ಕಾಲ್‌ನಲ್ಲಿ ತೋರಿಸಿ, ಆಮೇಲೆಯೇ ಆರ್ಡರ್ ಎಂದು ಅವರು ತಿಳಿಸಿದರು. ಸ್ಯಾಂಪಲ್ ರೂಮಿನಲ್ಲಿ ಶರ್ಟಿನ ಅಳತೆ-ನಮೂನೆ ಸಿದ್ಧಮಾಡುವ ಪ್ಯಾಟರ್ನ್ ಮಾಸ್ಟರ್ ಕೊರಳಿಗೆ ಟೇಪು ಹಾಕಿಕೊಂಡು ಫ್ಯಾಕ್ಟರಿಯ ಗಂಡಸರನ್ನೆಲ್ಲ ಅಳೆಯಲು ಹೊರಟಳು. ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಟೇಪಮ್ಮ. ಎರಡೂ ಅವಳ ಕಿವಿಗೆ ಬಿದ್ದಿದ್ದವು. ಎರಡಕ್ಕೂ ಅವಳು ತಲೆ ಕೆಡಿಸಿಕೊಂಡಿರಲಿಲ್ಲ.

ಕಟಿಂಗ್‌ನವರಿಗೆ ಹೊಟ್ಟೆ ಹೆಚ್ಚು, ಅಕೌಂಟ್ಸ್‌ನವರಿಗೆ ಎದೆ ಕಮ್ಮಿ. ಕೊನೆಗೆ ಪ್ಯಾಕಿಂಗ್‌ನಲ್ಲಿ ಲಾರಿಗೆ ಪೆಟ್ಟಿಗೆ ಏರಿಸುತ್ತಿದ್ದವನೊಬ್ಬ ಸಿಕ್ಕಿದ. ಎದೆ, ಸೊಂಟ, ತೋಳು ಎಲ್ಲವೂ ಆ ಕಂಪನಿಯ ಮೀಡಿಯಂ ಸೈಜಿಗೆ ಹೇಳಿ ಮಾಡಿಸಿದಂತಿದ್ದವು.

"ಉಸಿರು ಬಿಡಿ. ಎದೆ ಉಬ್ಬಿಸಿಕೊಂಡು ನಿಂತಿದ್ದೀರ" ಎಂದಳು.

"ಉಬ್ಬಿಸಿಲ್ಲ ಮೇಡಂ. ಬಿಡೋದು ಮರೆತುಹೋಯ್ತು."

ಅಂದಿನಿಂದ ಅವನಿಗೆ ಮೀಡಿಯಂ ಎಂಬ ಹೆಸರೇ ನಿಂತಿತು.

ಸ್ಯಾಂಪಲ್ ಸಿದ್ಧವಾದಾಗಲೆಲ್ಲ ಅವನಿಗೆ ಕರೆ ಹೋಗುತ್ತಿತ್ತು. ಕೈಕಾಲು ತೊಳೆದು ತಲೆ ಬಾಚಿಕೊಂಡು ಬರುತ್ತಿದ್ದ. ಕೈ ಎತ್ತು, ಕೂರು, ಬಗ್ಗು. ಎಲ್ಲಿ ಹಿಡಿಯುತ್ತೆ, ಎಲ್ಲಿ ಸಡಿಲ ಎಂದು ಅವಳು ಕೇಳಬೇಕು, ಅವನು ಹೇಳಬೇಕು. ಅಷ್ಟೇ ಕೆಲಸ. ಅವಳು ತುಟಿಯ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು ಅವನ ಸುತ್ತ ತಿರುಗುವಾಗ ಮಾತಾಡುವಂತಿರಲಿಲ್ಲ. ಅದೇ ಸಮಯ ನೋಡಿ ಅವನು ತಂಗಿಯ ಬಾಣಂತನದಿಂದ ಹಿಡಿದು ಲಾರಿ ಡ್ರೈವರನ ಗೊರಕೆಯವರೆಗೆ ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದ. ನಗು ಬಂದರೆ ಸೂಜಿ ಉದುರುತ್ತದೆ. ಅವಳು ಹುಬ್ಬು ಗಂಟಿಕ್ಕಿ ತಡೆದುಕೊಳ್ಳುತ್ತಿದ್ದಳು.

ಅವಳ ಕಣ್ಣು ಕಾಲರಿಗಿಂತ ಮೇಲೆ ಹೋಗುತ್ತಿರಲಿಲ್ಲ. ಒಂದು ದಿನ ಅವನ ಮುಖದವರೆಗೂ ಹೋಯಿತು. ಅವನ ಮಾತು ಅರ್ಧಕ್ಕೇ ನಿಂತಿತು. ಅವಳು ಟೇಪನ್ನು ಎಲ್ಲಿಂದ ಹಿಡಿದಿದ್ದೇನೆಂಬುದನ್ನು ಮರೆತು ಮತ್ತೆ ಮೊದಲಿನಿಂದ ಅಳೆದಳು.

ಮನೆಯಲ್ಲಿ ಅಮ್ಮನೂ ಅತ್ತಿಗೆಯೂ ಅವಳ ಮದುವೆಯ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಅವಳಿಗೂ ಅದು ಮುಗಿದ ವಿಷಯವೇ. ಇದು ಕೆಲಸ, ಕೆಲಸದಲ್ಲಿ ಇದೆಲ್ಲ ಇರುವುದೇ ಎಂದು ತನಗೆ ತಾನೇ ಹೇಳಿಕೊಂಡಳು.

ಆಮೇಲೊಂದು ಸಲ ಅವನು ಕಾಲರ್ ಬಿಗಿ ಎಂದ. ಅವಳು ಬೆರಳು ತೂರಿಸಿ ನೋಡಿದಳು. ಸರಿಯಿದೆ ಅನಿಸಿತು. ಆದರೂ ತೊಟ್ಟವನ ಮಾತೆಂದು ಸಡಿಲ ಮಾಡಿದಳು. ವಿಡಿಯೊದಲ್ಲಿ ಅದು ಗೊತ್ತಾಗಲಿಲ್ಲ. ಆ ಸ್ಯಾಂಪಲ್ ವಿದೇಶಕ್ಕೆ ಹೋಗಿ, ಕಾಲರ್ ಬಾಯಿ ಬಿಟ್ಟುಕೊಂಡಿದೆ ಎಂಬ ಷರಾದೊಂದಿಗೆ ವಾಪಸು ಬಂತು. ಮ್ಯಾನೇಜರ್ ಎಲ್ಲರೆದುರೇ ಅವಳನ್ನು ತರಾಟೆಗೆ ತೆಗೆದುಕೊಂಡ. ಅವಳು ನೇರ ಪ್ಯಾಕಿಂಗ್‌ಗೆ ಹೋದಳು.

"ಕಾಲರ್ ನಿಜವಾಗ್ಲೂ ಬಿಗಿ ಇತ್ತಾ?"

ಅವನು ಪೆಟ್ಟಿಗೆ ಕೆಳಗಿಟ್ಟ. "ಇರಲಿಲ್ಲ."

"ಮತ್ತೆ?"

"ಸರಿಯಾಗಿದೆ ಅಂದಿದ್ರೆ ಅವತ್ತಿನ ಕೆಲಸ ಮುಗಿದುಹೋಗ್ತಿತ್ತು ಮೇಡಂ."

ಅವಳಿಗೆ ಕೋಪ ನೆತ್ತಿಗೇರಿತು. "ನಿಮ್ಮ ಒಂದು ಮಾತು ನಂಬಿಕೊಂಡು ಇಲ್ಲಿ ಸಾವಿರಾರು ಶರ್ಟಿಗೆ ಬಟ್ಟೆ ಕತ್ತರಿಸ್ತಾರೆ. ನನ್ನ ಕೆಲಸದ ಜೊತೆ ಆಟ ಆಡಬೇಡಿ."

ಅವನು ತಪ್ಪಾಯ್ತು ಎಂದಷ್ಟೇ ಹೇಳಿದ. ಅಲ್ಲಿಂದಾಚೆ ಕೇಳಿದ್ದಕ್ಕೆ ಉತ್ತರ, ಅದರ ಮೇಲೆ ಒಂದಕ್ಷರ ಇಲ್ಲ. ಅವಳು ಬೇಕೆಂದೇ ಸೂಜಿಗಳನ್ನು ಮೇಜಿನ ಮೇಲಿಟ್ಟು ಬಾಯಿ ಖಾಲಿ ಇಟ್ಟುಕೊಂಡು ನೋಡಿದಳು. ಅವನು ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದ. ಆ ಮೌನ ಅವಳಿಗೆ ಮ್ಯಾನೇಜರನ ಬೈಗುಳಕ್ಕಿಂತ ಭಾರವಾಯಿತು.

ಹೀಗಿರುವಾಗ ಆ ಕಂಪನಿಯ ದೇಶ ಇಲ್ಲಿಂದ ಹೋಗುವ ಬಟ್ಟೆಯ ಮೇಲೆ ಸುಂಕ ಏರಿಸಿತು. ಸುಂಕವಿಲ್ಲದ ಬೇರೆ ದೇಶಕ್ಕೆ ಆರ್ಡರೆಲ್ಲ ಹೋಯಿತು. ಮ್ಯಾನೇಜರ್ ಎಲ್ಲರನ್ನೂ ಸೇರಿಸಿ ಸುತ್ತಿ ಬಳಸದೆ ಹೇಳಿದ: ಇನ್ನು ಇಲ್ಲಿನ ಅಂಗಡಿಗಳಿಗೆ ಶಾಲೆಯ ಯೂನಿಫಾರ್ಮ್ ಹೊಲಿಯುವುದು, ಪ್ಯಾಕಿಂಗ್‌ನಲ್ಲಿ ಅರ್ಧ ಜನ ತಿಂಗಳ ಕೊನೆಗೆ ಮನೆಗೆ. ಆ ಅರ್ಧದಲ್ಲಿ ಮೀಡಿಯಂ ಕೂಡ ಇದ್ದ.

ಒಪ್ಪಿಕೊಂಡಿದ್ದ ಕೊನೆಯ ಆರ್ಡರಿನ ಸ್ಯಾಂಪಲ್ ಒಂದು ಬಾಕಿಯಿತ್ತು. ವಿಡಿಯೊದಲ್ಲಿ ವಿದೇಶಿ ಹೆಂಗಸು ಹಿಂದೆ ಮುಂದೆ ನೋಡಿ ಓಕೆ ಎಂದಳು, ಅವನಿಗೆ ಕೈ ಬೀಸಿದಳು. ಪರದೆ ಕಪ್ಪಾಯಿತು. ಅವನು ತೋಳಿನ ಗುಂಡಿ ಬಿಚ್ಚತೊಡಗಿದ.

"ಮುಂದೆ ಏನು ಮಾಡ್ತೀರಿ?" ಎಂದು ಕೇಳಿದಳು. ಬಂದರಿನ ಕಡೆ ಗೋದಾಮುಗಳಲ್ಲಿ ವಿಚಾರಿಸುತ್ತಿದ್ದೇನೆ, ಇನ್ನೂ ಯಾವುದೂ ಗಟ್ಟಿಯಾಗಿಲ್ಲ ಎಂದ.

"ಈ ಕಡೆ ಬರ್ತೀರಾ ಆಗಾಗ?"

"ಕೆಲಸ ಸಿಕ್ಕ ಮೇಲೆ ಬರ್ತೀನಿ. ಬರಿಗೈಲಿ ಬಂದು ಏನಂತ ಕೇಳಲಿ?"

"ಏನು ಕೇಳೋದಿತ್ತು?"

ಅವನು ಬಿಚ್ಚಿದ್ದ ಗುಂಡಿಯನ್ನೇ ಮತ್ತೆ ಹಾಕತೊಡಗಿದ. ಕಿವಿ ಕೆಂಪಾಗಿತ್ತು. ಅವಳು ಈ ಸಲ ಕಣ್ಣನ್ನು ಕಾಲರಿನ ಹತ್ತಿರ ನಿಲ್ಲಿಸಲಿಲ್ಲ, ನೇರ ಅವನ ಮುಖವನ್ನೇ ನೋಡಿದಳು.

"ಕೆಲಸ ಸಿಕ್ಕ ಮೇಲೆ ಕೇಳಿದ್ರೂ ನಾನು ಹೂಂ ಅಂತಲೇ ಹೇಳೋದು" ಎಂದಳು. "ಅಷ್ಟು ದಿನ ಸುಮ್ಮನೆ ಯಾಕೆ ಕಾಯಿಸ್ತೀರಿ? ಭಾನುವಾರ ಮನೆಗೆ ಬನ್ನಿ."

ಅವನು ಮೆಲ್ಲಗೆ ವಿಳಾಸ ಕೇಳಿದ.

ಸಂಜೆ ಮನೆಯಲ್ಲಿ ಅಮ್ಮ, ಅತ್ತಿಗೆಯ ಜೊತೆ ಒಣಗಿದ ಬಟ್ಟೆ ಮಡಿಸುತ್ತ ಅವಳು ಭಾನುವಾರ ಅವನು ಬರುವ ವಿಷಯ ತೆಗೆದಳು. ಹುಡುಗನಿಗೆ ಏನು ಕೆಲಸ ಎಂದು ಅಮ್ಮ ಕೇಳಿದಳು. ಮುಂದಿನ ತಿಂಗಳಿಂದ ಇಲ್ಲ ಎಂದಳು ಇವಳು. ಅತ್ತಿಗೆಯ ಕೈ ಅಲ್ಲೇ ನಿಂತಿತು. ಕೆಲಸವಿಲ್ಲದೆ ಹೆಣ್ಣು ಕೇಳುವ ಧೈರ್ಯ ಅವನಿಗೆ ಹೇಗೆ ಬಂತು ಎಂದು ಅಮ್ಮ ಗೊಣಗಿದಳು.

"ಅವರು ಕೇಳಲಿಲ್ಲ ಅಮ್ಮ. ನಾನೇ ಕೇಳಿದ್ದು."

ಅತ್ತಿಗೆ ನಕ್ಕಳು. ಅಮ್ಮ ನಗಲಿಲ್ಲ. ಎರಡು ಟವೆಲು, ಒಂದು ದಿಂಬಿನ ಕವರು ಮಡಿಸಿ ಬದಿಗಿಟ್ಟಳು.

"ಊಟಕ್ಕೇ ಬರ್ತಾನಾ?"

"ಹೂಂ."

"ಹಾಗಾದ್ರೆ ನಿಮ್ಮಣ್ಣನಿಗೆ ಹೇಳು" ಎಂದಳು ಅಮ್ಮ, "ಭಾನುವಾರ ಎಲ್ಲೂ ಹೋಗೋದು ಬೇಡ."