ಇನ್ನೊಂಚೂರು ಕೆಳಗೆ

ಮೊದಲ ಸಲ ನೋಡಿದಾಗ ಅವಳು ಅವನನ್ನು ಕ್ಲೀನರ್ ಅಂದುಕೊಂಡಳು. ತಪ್ಪು ಪೂರ್ತಿ ಅವಳದಲ್ಲ. ರನ್‌ವೇ ಪಕ್ಕ ನಿಂತಿದ್ದ ವಿಮಾನದೊಳಗೆ ಮಂಡಿಯೂರಿ, ಹೊರಕ್ಕೆ ಉಬ್ಬಿದ ದೊಡ್ಡ ಕಿಟಕಿಯನ್ನು ಹಳೇ ಬನಿಯನ್ನಿನಿಂದ ಉಜ್ಜುತ್ತಿದ್ದವನನ್ನು ಬೇರೆ ಏನಂದುಕೊಳ್ಳಬೇಕು?

“ಮೇಲ್ಗಡೆ ಒಂದು ಕಲೆ ಉಳಿದಿದೆ ನೋಡಿ,” ಎಂದಳು, ಪೈಲಟ್ ಆಗಲು ಬಂದವಳ ಗತ್ತಿನಲ್ಲಿ.

ಅವನು ತಿರುಗಲೂ ಇಲ್ಲ. “ಅದು ಉಜ್ಜಿದ್ರೆ ಹೋಗಲ್ಲ ಮೇಡಂ. ಅದು ದೋಣಿ.”

ಅವಳು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ರನ್‌ವೇಯ ಆಚೆ, ಕಡಲಿನ ಅಂಚಿನಲ್ಲಿ, ಕಲೆ ನಿಧಾನವಾಗಿ ಎಡಕ್ಕೆ ಸರಿಯುತ್ತಿತ್ತು. ಆಗ ಅವನು ತಿರುಗಿ ನಕ್ಕ. ಆ ನಗುವಿಗೆ ಅವಳ ಗತ್ತು ಅರ್ಧ ಇಳಿಯಿತು. ಉಳಿದರ್ಧವನ್ನು ಅವನು ಮುಂದೆ ಬೇರೆ ರೀತಿಯಲ್ಲಿ ಇಳಿಸಿದ.

ವಿಮಾನಗಳ ಆ ಬೇಸಿನಲ್ಲಿ ಎಲ್ಲರೂ ಅವನನ್ನು ಕಿಟಕಿ ಎಂದೇ ಕರೆಯುತ್ತಿದ್ದರು. ಕರಾವಳಿ ಕಾಯುವ ವಿಮಾನದಲ್ಲಿ ಪೈಲಟ್ ಮುಂದೆ ಕೂತು ಹಾರಿಸುತ್ತಾನೆ ಅಷ್ಟೇ. ನೋಡುವವನು ಹಿಂದೆ ಕಿಟಕಿಗೆ ಮುಖ ಕೊಟ್ಟು ಕೂತವನು. ದೊಡ್ಡ ಹಡಗನ್ನು ರಡಾರ್ ಹಿಡಿಯುತ್ತದೆ. ಸದ್ದಿಲ್ಲದೆ ದಡಕ್ಕೆ ನುಸುಳುವ ಪುಟ್ಟ ದೋಣಿ, ನೀರಿನ ಮೇಲೆ ಚೆಲ್ಲಿದ ಎಣ್ಣೆ, ಅಲೆಗಳ ನಡುವೆ ತೇಲುವ ಒಂದು ತಲೆ, ಇವುಗಳಿಗೆ ಕಣ್ಣೇ ಬೇಕು. ಅಂಥ ಕಣ್ಣು ಅವನದು. ಆ ಕಣ್ಣು ಆಗಾಗ ಕಡಲು ಬಿಟ್ಟು ಕಾಕ್‌ಪಿಟ್ಟಿನ ಕಡೆಗೂ ಹೊರಳುತ್ತಿತ್ತು ಅನ್ನುವುದು ಬೇರೆ ಮಾತು.

ಅವಳಿಗೆ ಈ ಕೆಲಸ ಬೇಕಿತ್ತು. ಬೇಕಿತ್ತು ಅಂದರೆ ಸಾಲದು, ಇದಿಲ್ಲದಿದ್ದರೆ ಬೇರೇನೂ ಬೇಡ ಅನ್ನುವಷ್ಟು ಬೇಕಿತ್ತು. ಫ್ಲೈಯಿಂಗ್ ಸ್ಕೂಲಿನಲ್ಲಿ ವರ್ಷಗಟ್ಟಲೆ ಕಂಡವರ ಮಕ್ಕಳನ್ನು ಕೂರಿಸಿಕೊಂಡು ಅದೇ ಬಯಲಿನ ಮೇಲೆ ಅದೇ ಸುತ್ತು ಹೊಡೆದು ತಲೆ ಚಿಟ್ಟು ಹಿಡಿದಿತ್ತು. ಅವಳ ಕೈಯಲ್ಲಿ ಕಲಿತವರೆಲ್ಲ ದೊಡ್ಡ ವಿಮಾನ ಹತ್ತಿ ಹೋದರು. ಅವಳು ಅದೇ ಪುಟ್ಟ ಸೀಟಿನಲ್ಲಿ ಕೂತು “ಬ್ರೇಕ್ ಬಿಡಪ್ಪ” ಅನ್ನುತ್ತ ಉಳಿದಳು. ಎಲ್ಲೆಲ್ಲಿಗೋ ಅರ್ಜಿ ಹಾಕಿ ಕೈ ಸೋತ ಮೇಲೆ ಈ ಬೇಸಿನಿಂದ ಕರೆ ಬಂದಿತ್ತು: ಕೆಲವು ವಾರ ನಮ್ಮವರ ಜೊತೆ ಹಾರಿ ತೋರಿಸಿ, ಆಮೇಲೆ ನೋಡೋಣ.

ನೋಡುವುದಕ್ಕೆ ಆ ಬೇಸಿನಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಹಾರಾಟಕ್ಕೂ ಮುಂಚೆ ಕ್ಯಾಪ್ಟನ್ ರೆಕ್ಕೆಯ ಕೆಳಗೆ ನಿಂತು ಒಬ್ಬೊಬ್ಬರನ್ನೂ “ಬರ್ತೀರಾ?” ಎಂದು ಕೇಳಬೇಕು. ಅವರು ಬಾಯಿಬಿಟ್ಟು “ಬರ್ತೀನಿ” ಅನ್ನಬೇಕು. ತಲೆಯಾಡಿಸಿದರೆ ಲೆಕ್ಕಕ್ಕಿಲ್ಲ. ಒಬ್ಬರು ಇಲ್ಲ ಅಂದರೂ ವಿಮಾನ ಹೊರಡುವುದಿಲ್ಲ. ಹೊಸಬರ ಪರೀಕ್ಷೆಯ ಕೊನೆಯ ದಿನ ಈ ಪ್ರಶ್ನೆಯನ್ನು ಹೊಸಬರೇ ಕೇಳುತ್ತಾರೆ. ಎಲ್ಲರೂ ಬರ್ತೀನಿ ಅಂದರೆ ಕೆಲಸ ಸಿಕ್ಕಿತು. ಯಾರಾದರೊಬ್ಬರು ಇಲ್ಲ ಅಂದರೆ ಕಾರಣ ಹೇಳಬೇಕು, ಹೊಸಬರು ಗಂಟುಮೂಟೆ ಕಟ್ಟಬೇಕು.

ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ, ಜೀವನವಿಡೀ ಬಸ್ಸು ಓಡಿಸಿ ನಿವೃತ್ತರಾದವರು, ಒಂದೇ ಮಾತಿನಲ್ಲಿ ಮುಗಿಸಿದರು: “ಕಂಡಕ್ಟರ್ ರೈಟ್ ಅನ್ಬೇಕು ಅನ್ನು.” ಮಗಳ ಬಿಳಿ ಅಂಗಿಗಳಿಗೆ ಇಸ್ತ್ರಿ ಹಾಕಿ ಕಳಿಸಿದ್ದೂ ಅವರೇ. ಅಮ್ಮ ಅಷ್ಟರಲ್ಲಿ ಇಡೀ ಬೀದಿಗೆ ಸುದ್ದಿ ಹಂಚಿ ಆಗಿತ್ತು.

ವಿಮಾನದಲ್ಲಿ ನಾಲ್ಕೇ ಜನ. ಪಕ್ಕದ ಸೀಟಿನಲ್ಲಿ ಪರೀಕ್ಷೆ ಮಾಡುವ ದೊಡ್ಡ ಕ್ಯಾಪ್ಟನ್, ಹಿಂದೆ ಪರದೆಯ ಮುಂದೆ ರಡಾರ್ ಅಕ್ಕ, ಅವರ ಹಿಂದೆ ಕಿಟಕಿ. ಹೆಡ್‌ಸೆಟ್ಟಿನಲ್ಲಿ ಒಬ್ಬರ ಮಾತು ನಾಲ್ವರಿಗೂ ಕೇಳುತ್ತದೆ. ಹಾಗಾಗಿ ಅವಳ ಮತ್ತು ಕಿಟಕಿಯ ಪ್ರೇಮವೆಲ್ಲ ಡ್ಯೂಟಿಯ ವೇಷದಲ್ಲೇ ನಡೆಯಬೇಕಾಯಿತು.

“ಸ್ವಲ್ಪ ಎಡಕ್ಕೆ ತಿರುಗಿಸ್ತೀರಾ ಟೀಚರ್?”

ಫ್ಲೈಯಿಂಗ್ ಸ್ಕೂಲಿನ ಕಥೆ ಕೇಳಿದ ದಿನದಿಂದ ಅವನ ಬಾಯಲ್ಲಿ ಅವಳು ಟೀಚರ್ ಆಗಿದ್ದಳು. “ಏನು ಕಾಣ್ತು?” ಎಂದು ಕೇಳಿದಳು.

“ಏನಿಲ್ಲ. ಈಗ ಬಿಸಿಲು ಸರಿಯಾಗಿ ಬೀಳ್ತಿದೆ.”

“ನೀರಿನ ಮೇಲಾ?”

“ಎಲ್ಲಿ ಅಂತ ಹೇಳಿದ್ರೆ ಅಕ್ಕ ಬೈತಾರೆ.”

ರಡಾರ್ ಅಕ್ಕ ಕೆಮ್ಮಿದರು. ಅವಳ ಕಿವಿ ಕೆಂಪಾಯಿತು. ಹಿಂದೆ ಕೂತವನಿಗೆ ಅವಳಲ್ಲಿ ಕಾಣುತ್ತಿದ್ದದ್ದೇ ಆ ಕಿವಿ, ಅದರ ಹಿಂದಿನ ಒಂದು ಎಳೆ ಕೂದಲು, ಕೆನ್ನೆಯ ಚೂರು. ಅಷ್ಟು ಸಾಕಾಗಿತ್ತು ಅವನಿಗೆ. ಇಳಿದ ಮೇಲೆ ಕ್ಯಾಂಟೀನಿನಲ್ಲಿ ಎದುರು ಕೂತಾಗ, ಪೂರ್ತಿ ಮುಖ ಒಟ್ಟಿಗೆ ನೋಡಿ ಅಭ್ಯಾಸವಿಲ್ಲ ಅನ್ನುತ್ತಿದ್ದ. ಅವಳು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಮರೆತುಬಿಡುತ್ತಿದ್ದಳು, ಅದು ಕರಗಿ ಲೋಟದ ತಳ ಸೇರುತ್ತಿತ್ತು. ಅವನು ತನ್ನ ಲೋಟವನ್ನು ಅವಳ ಕಡೆ ಸರಿಸಿ ಅವಳದನ್ನು ತಾನು ಕುಡಿಯುತ್ತಿದ್ದ. ಇಷ್ಟಕ್ಕೇ ಹುಡುಗಿಯ ಕಾಲು ನೆಲದ ಮೇಲೆ ನಿಲ್ಲದೆ ಹೋದದ್ದು ಪೈಲಟ್‌ಗೆ ಶೋಭೆಯೋ ಅಲ್ಲವೋ, ಹಾಗಾದದ್ದಂತೂ ನಿಜ.

ಪರೀಕ್ಷೆ ಮುಗಿಯಲು ಇನ್ನೆರಡು ದಿನವಿದ್ದಾಗ ದೊಡ್ಡ ಕ್ಯಾಪ್ಟನ್ ಹೆಡ್‌ಸೆಟ್ ಕಳಚಿಟ್ಟು ರಡಾರ್ ಪರದೆ ನೋಡಲು ಹಿಂದಕ್ಕೆ ಹೋದರು. ವಿಮಾನ ಅವಳ ಕೈಯಲ್ಲಿತ್ತು. ಬಲಗಡೆ ಒಂದು ಮೀನಿನ ದೋಣಿ ಕಂಡಿತು. ಅದರ ಹೆಸರು ಓದಬೇಕು, ಬಣ್ಣ ಮಾಸಿದೆ, ಕಾಣುತ್ತಿಲ್ಲ ಎಂದ ಕಿಟಕಿ. ಆಮೇಲೆ ದನಿ ತಗ್ಗಿಸಿ ಹೇಳಿದ:

“ಇನ್ನೊಂಚೂರು ಕೆಳಗೆ, ಟೀಚರ್.”

ಐನೂರು ಅಡಿಗಿಂತ ಕೆಳಗೆ ಇಳಿಯುವಂತಿಲ್ಲ. ಇಳಿದರೆ ಉಪಕರಣ ಕಿರುಚುತ್ತದೆ. ಅವಳು ಇಳಿದಳು, ಅದು ಕಿರುಚಿತು, ಅವಳು ಬೆರಳಿನಿಂದ ಅದರ ಬಾಯಿ ಮುಚ್ಚಿ ಇನ್ನೂ ಇಳಿದಳು. ದೋಣಿಯವರು ಟೋಪಿ ಹಿಡಿದುಕೊಂಡು ಬಗ್ಗಿದರು. ಅಲೆಯ ನೊರೆ ಗುಳ್ಳೆ ಗುಳ್ಳೆಯಾಗಿ ಕಾಣುವಷ್ಟು ಹತ್ತಿರ. ಕಿಟಕಿ ಹೆಸರು ಓದಿದ. ಅವಳು ಮೇಲಕ್ಕೆತ್ತಿ, ಗೆದ್ದವಳ ಹಾಗೆ ನಕ್ಕು, “ನೀವು ಹೇಳಿದ್ರಿ, ಇಳಿದೆ,” ಎಂದಳು.

ಅವನು ನಗಲಿಲ್ಲ. ಹಿಂತಿರುಗುವವರೆಗೂ ತುಟಿ ಬಿಚ್ಚಲಿಲ್ಲ. ಭಾವ ಉಕ್ಕಿ ಮಾತು ಬರುತ್ತಿಲ್ಲ ಅಂದುಕೊಂಡಳು ಪೆದ್ದಿ.

ಕೊನೆಯ ದಿನ ಅಪ್ಪ ಇಸ್ತ್ರಿ ಹಾಕಿದ ಅಂಗಿಗಳಲ್ಲಿ ಒಳ್ಳೆಯದನ್ನು ತೊಟ್ಟು ರೆಕ್ಕೆಯ ಕೆಳಗೆ ನಿಂತಳು. ದೊಡ್ಡ ಕ್ಯಾಪ್ಟನ್ ಬರ್ತೀನಿ ಅಂದರು. ರಡಾರ್ ಅಕ್ಕ “ಬರ್ತೀನಿ ಕಣಮ್ಮ” ಅಂದರು. ಅವಳು ಅವನ ಕಡೆ ತಿರುಗಿದಳು. ಅವನ ಕೈಯಲ್ಲಿ ಅದೇ ಹಳೇ ಬನಿಯನ್ ಇತ್ತು. ಅವನಿಗೊಬ್ಬನಿಗೇ ಗೊತ್ತಾಗುವಷ್ಟು ನಕ್ಕು ಕೇಳಿದಳು.

“ಬರ್ತೀರಾ?”

“ಇಲ್ಲ,” ಎಂದ.

ತಮಾಷೆ ಅಂದುಕೊಂಡಳು. ಅವಳ ನಗು ಇನ್ನೂ ಮುಖದ ಮೇಲಿರುವಾಗಲೇ ದೊಡ್ಡ ಕ್ಯಾಪ್ಟನ್ ಕಾರಣ ಕೇಳಿದರು.

“ಮೊನ್ನೆ ನಾನು ಕೆಳಗೆ ಇಳಿಸಿ ಅಂದೆ. ಹಾಗೆ ಕೇಳಿದ್ದು ನನ್ನ ತಪ್ಪು, ಅದಕ್ಕೆ ಏನು ಶಿಕ್ಷೆ ಕೊಟ್ರೂ ಸರಿ. ಆದ್ರೆ ಇವರು ಎಚ್ಚರಿಕೆ ಸದ್ದನ್ನ ಆಫ್ ಮಾಡಿ ಇಳಿದ್ರು. ನನ್ನ ಮಾತು ಕೇಳಿ ನೀರಿಗೆ ಇಳಿಯೋ ಪೈಲಟ್ ಜೊತೆ ನಾನು ಹಾರಲ್ಲ.”

ಒಂದೊಂದು ಮಾತೂ ಮುಖಕ್ಕೆ ಹೊಡೆದ ಹಾಗಿತ್ತು. ಎಲ್ಲವೂ ನಿಜವಾಗಿದ್ದದ್ದು ಅದಕ್ಕಿಂತ ಕೆಟ್ಟದಾಗಿತ್ತು.

ಅವಳು ಸೂಟ್‌ಕೇಸ್ ಎಳೆದುಕೊಂಡು ಗೇಟಿನ ಹತ್ತಿರ ಬಂದಾಗ ಅವನು ಓಡಿ ಬಂದ. ನನ್ನೊಬ್ಬಳನ್ನೇ ಕರೆದು ಹೇಳಬಹುದಿತ್ತಲ್ಲ ಎಂದು ಕೇಳಿದಳು. ಆದರೆ ಅಳಲಿಲ್ಲ.

“ಹೇಳಿದ್ರೆ ನೀನು ಸರಿ ಅಂತಿದ್ದೆ. ನಾನು ಹೇಳ್ದೆ ಅಂತ ಸರಿ ಅಂತಿದ್ದೆ. ಅದೇ ಅಲ್ವಾ ತೊಂದರೆ?” ಎಂದ. ಆಮೇಲೆ ನೆಲ ನೋಡುತ್ತ, “ನಾನು ನಿನ್ನನ್ನ ಪ್ರೀತಿಸ್ತೀನಿ,” ಎಂದ.

“ಒಳ್ಳೇ ದಿನ ನೋಡಿ ಹೇಳಿದ್ರಿ,” ಎಂದು ಆಟೋ ಹತ್ತಿದಳು.

ಮನೆಯಲ್ಲಿ ಅಮ್ಮ ಬೀದಿಯವರಿಗೆ ಏನು ಹೇಳುವುದೆಂದು ಬಾಗಿಲು ಹಾಕಿಕೊಂಡು ಕೂತರು. ಅವಳು ಕಿಟಕಿಗೆ ಹಿಡಿ ಶಾಪ ಹಾಕಿ ಹಾಕಿ ಸುಸ್ತಾದ ಮೇಲೆ ಅಪ್ಪ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಕೇಳಿದರು: “ಕಂಡಕ್ಟರ್ ರೈಟ್ ಅಂದ ಅಂತ ಬಸ್ಸನ್ನ ಹಳ್ಳಕ್ಕೆ ಇಳಿಸ್ತೀಯೇನೇ?” ಅವಳು ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಆಮೇಲೆ ಮತ್ತೆ ಫ್ಲೈಯಿಂಗ್ ಸ್ಕೂಲಿಗೆ ಹೋದಳು. ಅಲ್ಲಿ ಯಾರೂ ಅವಳನ್ನು ಟೀಚರ್ ಅನ್ನುತ್ತಿರಲಿಲ್ಲ, ಮೇಡಂ ಅನ್ನುತ್ತಿದ್ದರು. ಕಿಟಕಿಯ ಮೆಸೇಜುಗಳು ಬರುತ್ತಿದ್ದವು. ಓದುತ್ತಿದ್ದಳು, ಉತ್ತರ ಕೊಡುತ್ತಿರಲಿಲ್ಲ. ದಿಂಬಿನ ಕೆಳಗೆ ಫೋನ್ ಇಟ್ಟುಕೊಂಡು ಮಲಗುತ್ತಿದ್ದಳು ಅನ್ನುವುದನ್ನೂ ಹೇಳಬೇಕು.

ಸೋತವರಿಗೆ ಇನ್ನೊಂದೇ ಒಂದು ಅವಕಾಶ ಕೊಡುವುದು ಆ ಬೇಸಿನ ರೂಢಿ. ಮಳೆಗಾಲ ಕಳೆದ ಮೇಲೆ ಕರೆದರು. ಹೋದಳು. ಅದೇ ವಿಮಾನ, ಅದೇ ಮೂವರು. ಈ ಸಲ ಹೆಡ್‌ಸೆಟ್ಟಿನಲ್ಲಿ ಡ್ಯೂಟಿ ಬಿಟ್ಟು ಬೇರೆ ಮಾತಿರಲಿಲ್ಲ. ಕ್ಯಾಂಟೀನಿನಲ್ಲಿ ಅವಳು ರಡಾರ್ ಅಕ್ಕನ ಪಕ್ಕ ಕೂತು, ಬಿಸ್ಕತ್ತು ಕರಗುವ ಮುಂಚೆ ತಿಂದು ಎದ್ದಳು. ಅವನು ಎರಡು ಟೇಬಲ್ ಆಚೆ ತನ್ನ ಲೋಟ ತಾನೇ ಕುಡಿದ.

ಪರೀಕ್ಷೆ ಮುಗಿಯುವ ಹಿಂದಿನ ದಿನ ಅವನ ದನಿ ಬಂತು. ಬಲಗಡೆ ಒಂದು ದೋಣಿ, ಇಂಜಿನ್ ನಿಂತಿದೆ, ಒಳಗೆ ಯಾರೋ ಬಿದ್ದಿರುವ ಹಾಗಿದೆ, ಇನ್ನೊಂಚೂರು ಕೆಳಗೆ ಎಂದ. ಅವಳ ಕಡೆಯಿಂದ ಅದು ಕಾಣುತ್ತಿರಲಿಲ್ಲ. ಐನೂರರಲ್ಲೇ ಸುತ್ತು ಹಾಕುತ್ತೇನೆ, ನೋಡಿ ಹೇಳಿ ಎಂದಳು. ಒಂದು ಸುತ್ತು ಆಯಿತು. ಸರಿಯಾಗಿ ಕಾಣುತ್ತಿಲ್ಲ ಎಂದ. ಇನ್ನೊಂದು ಸುತ್ತು ಹಾಕಿದಳು.

“ಟೀಚರ್,” ಎಂದ, ಆ ಹಳೆಯ, ತಗ್ಗಿದ ದನಿಯಲ್ಲಿ. “ನನಗೋಸ್ಕರ. ಇನ್ನೊಂಚೂರು.”

ಎಷ್ಟು ತಿಂಗಳಾಗಿತ್ತು ಆ ಹೆಸರು ಕೇಳಿ. ದಿಂಬಿನ ಕೆಳಗಿನ ಫೋನಿನಿಂದ ಒಂದು ದಿನ ಬಂದೀತು ಎಂದು ಕಾದಿದ್ದ ದನಿ ಅದು. ಅವಳ ಕೈ ತಾನಾಗಿ ಹಿಡಿಕೆಯನ್ನು ಮುಂದಕ್ಕೆ ಒತ್ತಿ ವಿಮಾನ ಇಳಿಸಲು ಹವಣಿಸಿತು. ಹಲ್ಲು ಕಚ್ಚಿ ಹಿಡಿದಳು.

“ಇಲ್ಲ,” ಎಂದಳು. “ರಡಾರ್ ಅಕ್ಕ, ಜಾಗ ಗುರುತು ಮಾಡಿಕೊಳ್ಳಿ. ರಕ್ಷಣಾ ದೋಣಿ ಕಳಿಸೋಕೆ ಹೇಳ್ತೀನಿ.”

“ಬೇಡ ಕಣಮ್ಮ,” ಎಂದರು ಅಕ್ಕ ಮೆಲ್ಲಗೆ. “ಅಲ್ಲಿ ಏನೂ ಇಲ್ಲ.”

ದೊಡ್ಡ ಕ್ಯಾಪ್ಟನ್ ಅವಳ ಭುಜ ತಟ್ಟಿದರು. ಹೀಗೊಂದು ಪರೀಕ್ಷೆ ಮಾಡೋಣ ಎಂದು ಹೇಳಿಕೊಟ್ಟದ್ದು ಕಿಟಕಿಯೇ ಅಂತೆ. ಅವಳು ವಿಮಾನವನ್ನು ಬಲಕ್ಕೆ ವಾಲಿಸಿ ನೋಡಿದಳು. ಖಾಲಿ ನೀರು, ಅದರ ಮೇಲೆ ಒಳ್ಳೆಯ ಬಿಸಿಲು.

ಮರುದಿನ ರೆಕ್ಕೆಯ ಕೆಳಗೆ ಅವಳು ಕೇಳಿದಾಗ ಎಲ್ಲರಿಗಿಂತ ಮೊದಲು ಬರ್ತೀನಿ ಅಂದವನು ಅವನೇ. ಕೆಲಸ ಸಿಕ್ಕಿತು. ಅಪ್ಪ ಫೋನಿನಲ್ಲಿ ಮಾತಾಡಲಾಗದೆ ಅಮ್ಮನಿಗೆ ಕೊಟ್ಟರು, ಅಮ್ಮ ಮಾತು ನಿಲ್ಲಿಸಲಾಗದೆ ಬೀದಿಗೆ ಇಳಿದರು.

ಸಂಜೆ ಕ್ಯಾಂಟೀನ್ ಖಾಲಿಯಾಗಿತ್ತು. ಅವನು ಎರಡು ಲೋಟ ಚಹಾ ತಂದು ಎದುರು ಕೂತ. ಆ ಗೇಟಿನ ಹತ್ತಿರದ ದಿನದಿಂದ ತಾನು ನೆಮ್ಮದಿಯಾಗಿ ಒಂದು ಹೊತ್ತು ಉಂಡಿಲ್ಲ ಎಂದ. ನಿನ್ನ ಕನಸನ್ನು ನನ್ನ ಕೈಯಾರೆ ಕೊಂದಿದ್ದೆ, ಅದನ್ನು ಬದುಕಿಸದೆ ನಿನ್ನ ಮುಂದೆ ಬಾಯಿ ತೆರೆಯಲು ಮುಖವಿರಲಿಲ್ಲ ಎಂದ. ಆಮೇಲೆ ದನಿ ತಗ್ಗಿಸಿದ.

“ಟೀಚರ್, ನಾವು ಮದುವೆ ಆಗೋಣ.”

ಅವಳು ಅವನ ಮುಖ ನೋಡಿದಳು. ಮೊದಲಿನ ಹಾಗಲ್ಲ. ಮೀಟರ್ ನೋಡುವ ಹಾಗೆ, ಮುಳ್ಳು ಎಲ್ಲಿ ನಿಂತಿದೆ ಎಂದು ಹುಡುಕುತ್ತ ನೋಡಿದಳು. ಹಾಗೆ ನೋಡುತ್ತಿದ್ದೇನೆ ಎಂದು ಅವಳಿಗೇ ಗೊತ್ತಾಯಿತು.

“ದೋಣಿ ಇದೆಯಾ?” ಎಂದು ಕೇಳಿದಳು.

ಅವನಿಗೆ ಅರ್ಥವಾಯಿತು. “ಇದೆ,” ಎಂದ. “ನಿನ್ನಾಣೆಗೂ ಇದೆ.”

“ಇರಬಹುದು. ಇದೇ ದನಿಯಲ್ಲಿ ನಿನ್ನೆನೂ ಇತ್ತು.” ಅವಳ ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡಲು ಹೋಗಲಿಲ್ಲ. “ನಿಮ್ಮ ಮಾತು ಕೇಳಬಾರದು ಅಂತ ಕಲಿಸಿದ್ದು ನೀವೇ ಅಲ್ವಾ? ಚೆನ್ನಾಗಿ ಕಲಿತೆ. ಮನೇಲಿ ಕೇಳಿ ವಿಮಾನದಲ್ಲಿ ಬಿಡೋಕೆ ನನಗೆ ಬರಲ್ಲ.”

“ಕಾಯ್ತೀನಿ.”

“ಬೇಡ. ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಇದೆ. ಅದಕ್ಕೇ ಬೇಡ.”

ಬಿಸ್ಕತ್ತು ಅವಳ ಲೋಟದ ತಳ ಸೇರಿತ್ತು. ಅವನು ಅಭ್ಯಾಸದಂತೆ ತನ್ನ ಲೋಟವನ್ನು ಮುಂದಕ್ಕೆ ಸರಿಸಿದ. ಅವಳು ಅದನ್ನು ಮುಟ್ಟದೆ ಎದ್ದು ಹೋದಳು.

ಬೆಳಗ್ಗೆ ಅವಳ ಮೊದಲ ಡ್ಯೂಟಿ. ಭುಜದ ಮೇಲೆ ಹೊಸ ಪಟ್ಟಿ, ಮೈಮೇಲೆ ಅಪ್ಪನ ಇಸ್ತ್ರಿಯ ಅಂಗಿ. ರೆಕ್ಕೆಯ ಕೆಳಗೆ ನಿಂತು ಒಬ್ಬೊಬ್ಬರನ್ನೇ ಕೇಳಿದಳು. ಅವನ ಸರದಿ ಬಂದಾಗ ಅವನ ಕಣ್ಣು ಕೆಂಪಗಿತ್ತು, ನಿದ್ದೆಗೆಟ್ಟವನ ಕಣ್ಣು.

“ಬರ್ತೀರಾ?”

“ಬರ್ತೀನಿ, ಕ್ಯಾಪ್ಟನ್,” ಎಂದ.

ಇನ್ನು ಮುಂದೆ ದಿನವೂ ಇಷ್ಟು ಮಾತು ಇರುತ್ತದೆ ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಳು. ವಿಮಾನ ಏರಿತು, ದಡ ಹಿಂದಕ್ಕೆ ಸರಿಯಿತು. ಸುಮಾರು ಹೊತ್ತಿನ ಮೇಲೆ ಹೆಡ್‌ಸೆಟ್ಟಿನಲ್ಲಿ ಅವನ ದನಿ, ಬಲಗಡೆ ಒಂದು ದೋಣಿ ಎಂದಿತು. ಅವಳು ಮೊದಲು ಎತ್ತರ ನೋಡಿದಳು. ರಡಾರ್ ಅಕ್ಕನನ್ನು ಹೌದಾ ಎಂದು ಕೇಳಿದಳು. ಅಕ್ಕ ಹೌದು ಅಂದ ಮೇಲೆ ಬಲಕ್ಕೆ ತಿರುಗಿಸಿದಳು.