ನಾಚಾರಂಗೆ ಒಂದು ಲಗ್ನಪತ್ರಿಕೆ

“ಮದುಮಗಳು ನೀವೇ ಏನ್ರಿ?”

ಹೈದರಾಬಾದಿನ ನಾಚಾರಂನ ಪುಟ್ಟ ಸ್ಟುಡಿಯೋದಲ್ಲಿ, ಲಗ್ನಪತ್ರಿಕೆ ಡಿಸೈನ್ ಮಾಡುವ ಸುಮಂತ ಕೇಳಿದ ಮೊದಲ ಪ್ರಶ್ನೆಯೇ ಅದು. ಮೂವತ್ತೊಂದು ವರ್ಷದ ನಿರೀಕ್ಷಾಳಿಗೆ ಈ ಪ್ರಶ್ನೆ ಹೊಸದಲ್ಲ. ತಮ್ಮ ನಿತಿನನ ಮದುವೆ ಗೊತ್ತಾದಾಗಿನಿಂದ ಸೀರೆ ಅಂಗಡಿಯವರು, ಹೂವಿನವರು, ಹಾಲ್‌ನವರು ಎಲ್ಲರೂ ಇದನ್ನೇ ಕೇಳಿದ್ದರು. ಅಲ್ಲ ಎಂದ ಕೂಡಲೇ ಅವರ ಮುಖದಲ್ಲಿ ಮೂಡುವ ‘ಅಯ್ಯೋ ಪಾಪ’ ಅವಳಿಗೆ ಬಾಯಿಪಾಠವಾಗಿತ್ತು.

“ಅಲ್ರಿ. ಮದುಮಗನ ಅಕ್ಕ.”

“ಹೌದಾ? ಛಲೋ ಆತು!” ಎಂದುಬಿಟ್ಟ ಸುಮಂತ. ಮರುಕ್ಷಣ ನಾಲಿಗೆ ಕಚ್ಚಿಕೊಂಡು, “ಅಂದ್ರ... ಮದುಮಗಳಿಗೆ ಮೊದಲ ಟೆನ್ಶನ್ ಇರ್ತೈತಿ, ಅದರಾಗ ಕಾರ್ಡ್ ಬ್ಯಾರೆ” ಎಂದು ತೇಪೆ ಹಚ್ಚಿದ. ಕಿವಿ ಎರಡೂ ಕೆಂಪಾಗಿದ್ದವು.

ಅಯ್ಯೋ ಪಾಪ ಅನ್ನದ ಮೊದಲ ಮನುಷ್ಯ. ನಿರೀಕ್ಷಾ ಆ ಕೆಂಪು ಕಿವಿಗಳನ್ನೇ ನೋಡುತ್ತ ಕುಳಿತಳು.

ಕಾರ್ಡಿನ ಡಿಸೈನರ್ ಆರಿಸುವ ಕೆಲಸವನ್ನು ತಾಯಿ ಸುಭದ್ರಾ ಮಗಳಿಗೆ ಒಪ್ಪಿಸಿದ್ದರು. ಪಟ್ಟಿಯಲ್ಲಿ ಉಳಿದವರು ಇಬ್ಬರೇ. ಜುಬಿಲಿ ಹಿಲ್ಸ್‌ನ ದೊಡ್ಡ ಸ್ಟುಡಿಯೋದವರು ಫಿಲ್ಟರ್ ಕಾಫಿ ಕೊಟ್ಟು, ಟ್ಯಾಬಿನಲ್ಲಿ ಮುನ್ನೂರು ಡಿಸೈನ್ ತೋರಿಸಿದ್ದರು. ರಾಯಚೂರಿನ ಸುಮಂತನ ಬಳಿ ತೋರಿಸಲು ಒಂದು ಕ್ಯಾಟಲಾಗೂ ಇರಲಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಯೂನಿಟ್ಟಿನ ಮೇಲಿನ ಕೋಣೆಯಲ್ಲಿ ಕೂತು ಅವನು ಪ್ರತಿ ಕಾರ್ಡಿನ ಚಿತ್ರವನ್ನೂ ಕೈಯಲ್ಲೇ ಬರೆಯುತ್ತಿದ್ದ.

“ನಿಮ್ಮ ಮನಿ ಸುದ್ದಿ ಹೇಳ್ರಿ. ಕೇಳಕೋತ ಬರೀತೀನಿ,” ಎಂದ.

ಹೇಳಲು ಕುಳಿತರೆ ಮನೆಯ ಸುದ್ದಿ ಮುಗಿಯುವಂಥದ್ದೇ? ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದಾಗಿನ ಕ್ವಾರ್ಟರ್ಸು, ಅಂಗಳದ ಬೇವಿನ ಮರ, ನಿತಿನನ ಬ್ರೇಕಿಲ್ಲದ ಸೈಕಲ್ಲು. ಒಂದು ಶನಿವಾರದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ನಾಲ್ಕು ಶನಿವಾರ ಬೇಕಾದವು. ಅವರ ಮನೆಯಿದ್ದ ಲಿಂಗಂಪಲ್ಲಿಯಿಂದ ನಾಚಾರಂ ಅಂದರೆ ಊರಿನ ಈ ತುದಿಯಿಂದ ಆ ತುದಿ. ಸಿಕಂದರಾಬಾದಿನವರೆಗೆ ಲೋಕಲ್ ಟ್ರೈನು, ಆಮೇಲೆ ಬಸ್ಸು. ಆದರೂ ಹೋಗುವಾಗ ಅವಳಿಗೆ ದಾರಿ ಉದ್ದವೆನಿಸುತ್ತಲೇ ಇರಲಿಲ್ಲ.

“ನಡುವ ಇಷ್ಟು ದೊಡ್ಡ ಊರೈತಿ. ಒಬ್ಬ ಡಿಸೈನರ್ ಸಿಗಲಿಲ್ಲೇನ ನಿನಗ?” ಎಂದು ಸುಭದ್ರಾ ಕೇಳಿದ್ದರು. ಮಗಳು ಕೇಳಿಸದವಳ ಹಾಗೆ ಚಪ್ಪಲಿ ಮೆಟ್ಟಿದ್ದಳು.

ನಾಲ್ಕನೆಯ ಶನಿವಾರ ಸುಮಂತ ಸ್ಯಾಂಪಲ್ ಮುಂದಿಟ್ಟ. ಬೇವಿನ ಮರ ಇತ್ತು, ಸೈಕಲ್ ಮೇಲೆ ನಿತಿನ ಇದ್ದ. ಹಿಂದೆ, ಕಾಂಪೌಂಡ್ ಗೋಡೆಯ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಕಾಲು ಇಳಿಬಿಟ್ಟು ಮಾವಿನಕಾಯಿ ತಿನ್ನುತ್ತಿದ್ದಳು.

“ಇದು ಯಾರ್ರೀ?”

“ನೀವ ಹೇಳಿದ್ರೆಲ್ಲ, ಗೋಡಿ ಮ್ಯಾಲೆ ಕುಂತು ತಿಂತಿದ್ದೆ ಅಂತ.”

“ಇದು ನಿತಿನನ ಕಾರ್ಡ್ ಐತ್ರಿ.”

“ಗೊತ್ತೈತಿ,” ಎಂದ ಸುಮಂತ, ಪೆನ್ಸಿಲ್ ತುದಿ ನೋಡುತ್ತ. “ಬರದ ಮ್ಯಾಲೆ ಅಳಸಾಕ ಮನಸ್ಸ ಬರಲಿಲ್ಲ.”

ಆಮೇಲೆ ಕತ್ತೆತ್ತಿದ. ಅವಳು ಕಣ್ಣು ತಪ್ಪಿಸಬೇಕೆಂದುಕೊಂಡಳು, ಆಗಲಿಲ್ಲ. ಅವನೂ ತಪ್ಪಿಸಲಿಲ್ಲ. ಕೆಳಗೆ ಯಾರೋ ಇಂಕ್ ಡಬ್ಬಿ ಕೆಡವಿದ ಸದ್ದಾದಾಗ ಇಬ್ಬರೂ ಒಟ್ಟಿಗೇ ಬೆಚ್ಚಿ, ಒಟ್ಟಿಗೇ ನಕ್ಕರು.

ಅಂದು ಸಂಜೆ ಅವಳು ನಿರ್ಧಾರ ಮಾಡಿಯೇ ಮನೆಗೆ ಬಂದಳು. “ಅವ್ವ, ನಾಚಾರಂದವರ್ದ ಛಂದ ಐತಿ. ಅವರ್ನೂ ಮದುವಿಗೆ ಕರಿಯೂಣಲ್ಲ?”

ಸುಭದ್ರಾ ಅತಿಥಿಗಳ ಪಟ್ಟಿಯಿಂದ ತಲೆ ಎತ್ತಲಿಲ್ಲ. “ಕಾರ್ಡ್ ಮಾಡಿದವರಿಗೆ ಕಾರ್ಡ್ ಕೊಡ್ತಾರೇನ ಯಾರರ? ಕಾರ್ಡ್ ತಂದ ದಿನ ಎಲಿ-ಅಡಿಕಿ, ಕಾಯಿ ಕೊಟ್ಟು ಕಳಸೂದು. ಅಲ್ಲಿಗೆ ಅವರ್ದು ನಮ್ಮದು ಮುಗೀತು. ನಮ್ಮ ಮನ್ಯಾಗ ಮೊದಲಿಂದ ಹಂಗ.”

ಮುಗೀತು. ಆ ಒಂದು ಮಾತು ನಿರೀಕ್ಷಾಳ ಎದೆಯಲ್ಲಿ ಕೂತುಬಿಟ್ಟಿತು. ಸುಮಂತ ಬಾಗಿಲಲ್ಲಿ ನಿಂತು ಕಾಯಿ ತಗೊಂಡು, ‘ಬರ್ತೀನ್ರಿ’ ಎಂದು ಮೆಟ್ಟಿಲಿಳಿದು ಹೋಗುವುದು ಕಣ್ಣಿಗೆ ಕಟ್ಟಿತು. ಮದುವೆಯ ದಿನ ಆರುನೂರು ಜನ ಬರುತ್ತಾರೆ, ಅವನೊಬ್ಬ ಇರುವುದಿಲ್ಲ. ಆಮೇಲೆ ನಾಚಾರಂಗೆ ಹೋಗಲು ಅವಳಿಗೂ ನೆಪವಿರುವುದಿಲ್ಲ.

ಮರುದಿನ ಬೆಳಿಗ್ಗೆ, “ಜುಬಿಲಿ ಹಿಲ್ಸ್‌ನವರಿಗೇ ಕೊಡೂಣ” ಎಂದಳು. ಸುಮಂತನನ್ನು ಕರೆಯಬೇಕೆಂದರೆ ಅವನು ಕಾರ್ಡ್ ಮಾಡಬಾರದು, ಇದು ಅವಳ ಲೆಕ್ಕಾಚಾರ. ಕೈಯಲ್ಲಿನ ಕೆಲಸ ಕಿತ್ತುಕೊಂಡು ಪ್ರೀತಿ ತೋರಿಸುವ ಈ ಬುದ್ಧಿ ಅವಳಿಗೆ ಎಲ್ಲಿಂದ ಬಂತೋ! ಕಾರಣವನ್ನಾದರೂ ಬರೆದಳೇ? ಹತ್ತು ಸಲ ಟೈಪ್ ಮಾಡಿ, ನಾಚಿಕೆಯಾಗಿ ಹತ್ತೂ ಸಲ ಅಳಿಸಿ, ಕೊನೆಗೆ ವಾಟ್ಸಾಪಿನಲ್ಲಿ ಕಳಿಸಿದ್ದು ಇಷ್ಟೇ: ‘ಕಾರ್ಡ್ ಬೇರೆ ಕಡೆ ಕೊಟ್ಟೆವು. ಸಾರಿ.’

ಉತ್ತರ ಸಂಜೆ ಬಂತು. ‘ಪರವಾಗಿಲ್ಲ ಮೇಡಂ.’

ಎರಡನೆಯ ಶನಿವಾರವೇ ಅವನು ಮೇಡಂ ಅನ್ನುವುದನ್ನು ಬಿಟ್ಟಿದ್ದ. ಆ ಪದ ತಿರುಗಿ ಬಂದದ್ದನ್ನು ನೋಡಿ ಅವಳಿಗೆ ಅಳುವೇ ಬಂತು.

ಆಮೇಲಿನ ಮೂರು ವಾರ ಅವನಿಂದ ಒಂದು ಮಾತಿಲ್ಲ. ಆಫೀಸಿನ ಲಂಚ್ ಬ್ರೇಕಿನಲ್ಲಿ ಆ ‘ಪರವಾಗಿಲ್ಲ’ವನ್ನು ತೆಗೆದು ತೆಗೆದು ಓದುತ್ತಿದ್ದಳು. ಒಂದು ಶನಿವಾರ ಟಿಕೆಟ್ ತಗೊಂಡು ಪ್ಲಾಟ್‌ಫಾರ್ಮಿನವರೆಗೂ ಹೋದಳು. ಟ್ರೈನು ಬಂತು, ನಿಂತಿತು, ಹೊರಟಿತು. ಹತ್ತಿ ಹೋಗಿ ಏನೆಂದು ಹೇಳುವುದು? ಅವನು ಬೇಕಾಗಿದ್ದ. ಅವನ ಕೋಣೆ, ಅವನ ಪೆನ್ಸಿಲ್ ಸದ್ದು, ‘ಮುಂದೇನಾತ್ರಿ?’ ಎಂದು ಕೇಳುವ ಅವನ ದನಿ, ಎಲ್ಲವೂ ಬೇಕಾಗಿತ್ತು. ಖಾಲಿ ಕೈಯಲ್ಲಿ ಮನೆಗೆ ಬಂದು, ತಲೆನೋವೆಂದು ಮಲಗಿದಳು.

ಕಾರ್ಡುಗಳು ಬಂದವು. ನಾಲ್ಕು ಮೂಲೆಗೆ ಅರಿಶಿಣ ಹಚ್ಚಿ ಸುಭದ್ರಾ ಮೊದಲನೆಯದನ್ನು ದೇವರ ಮುಂದಿಟ್ಟರು. ಎರಡನೆಯದನ್ನು ನಿರೀಕ್ಷಾ ಬ್ಯಾಗಿಗೆ ಹಾಕಿಕೊಂಡಳು. ಜೊತೆಗೆ ಒಂದು ಚಿಟಿಕೆ ಅಕ್ಷತೆ. ಈ ಸಲ ಟ್ರೈನು ಹತ್ತಿಯೇಬಿಟ್ಟಳು, ನಾಚಾರಂಗೆ ಹೋದಳು.

“ಬರ್ರಿ ಮೇಡಂ, ಕುಂದರ್ರಿ,” ಎಂದ ಸುಮಂತ. ಮುಖ ಸೊರಗಿತ್ತು. ಅವಳು ಮುಂದಿಟ್ಟ ಕಾರ್ಡ್ ಬಿಚ್ಚಿ, ಚಿನ್ನದ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದ. “ಪೇಪರ್ ಛಲೋ ಹಾಕ್ಯಾರ. ಆದ್ರ ಇದನ್ನ ತೋರಸಾಕ ಇಷ್ಟು ದೂರ ಬರೂದಿತ್ತೇನ್ರಿ?”

“ತೋರಸಾಕ ಬಂದಿಲ್ರಿ. ಕರಿಯಾಕ ಬಂದೀನಿ.”

“ನನ್ನ?”

“ಕಾರ್ಡ್ ಮಾಡಿದವರ್ನ ನಮ್ಮ ಮನ್ಯಾಗ ಮದುವಿಗೆ ಕರಿಯೂದಿಲ್ಲ. ಕಾಯಿ ಕೊಟ್ಟು ಕಳಸ್ತಾರ, ಅಲ್ಲಿಗೆ ಮುಗೀತು.” ಒಂದೇ ಉಸಿರಿಗೆ ಹೇಳಿಬಿಟ್ಟಳು. “ನನಗ ಮುಗಿಸೂದು ಬೇಕಾಗಿರಲಿಲ್ಲ.”

ಸುಮಂತ ಕಾರ್ಡನ್ನು ಮೆಲ್ಲಗೆ ಮಡಿಸಿದ. “ಅದಕ್ಕ ನನ್ನ ಕೆಲಸಾನ ಕಸಗೊಂಡ್ರಿ?”

“ಹೂಂ.”

“ಮೂರು ವಾರ ಪೆನ್ಸಿಲ್ ಮುಟ್ಟಿಲ್ಲ ನಾ. ನನ್ನ ಕೈ ನಿಮಗ ಸೇರಲಿಲ್ಲ, ನಾನೂ ಸೇರಲಿಲ್ಲ ಅಂದ್ಕೊಂಡಿದ್ದೆ.” ದನಿಯಲ್ಲಿ ಸಿಟ್ಟಿತ್ತು. ಅವಳ ಕಣ್ಣು ತುಂಬಿದ್ದನ್ನು ನೋಡಿ ಸಿಟ್ಟು ಅಲ್ಲಿಗೇ ನಿಂತಿತು. “ಒಂದು ಮಾತು ಹೇಳಬಾರದಿತ್ತೇನ್ರಿ?”

“ತಪ್ಪಾತು. ಹತ್ತು ಸಲ ಬರದು ಹತ್ತೂ ಸಲ ಅಳಸಿದೆ. ನೀವಿಲ್ದ ಮೂರು ವಾರ ಹೆಂಗ ಕಳದೆ ಅಂತ ನನಗ ಗೊತ್ತು.”

ಸುಮಂತ ಕಾರ್ಡನ್ನು ಅವಳ ಕೈಗೇ ತಿರುಗಿ ಕೊಟ್ಟ. ಆಮೇಲೆ ಎರಡೂ ಅಂಗೈ ಮುಂದೆ ಚಾಚಿದ. ನಿರೀಕ್ಷಾ ಕಾರ್ಡಿನ ಮೇಲೆ ಅಕ್ಷತೆ ಇಟ್ಟು ಅವನ ಕೈಗೆ ಕೊಟ್ಟಳು. ಕೊಟ್ಟ ಬೆರಳುಗಳು ಅಲ್ಲೇ ಒಂದು ಗಳಿಗೆ ಉಳಿದವು.

“ಮನಿ ಮಂದಿ ಎಲ್ಲಾರೂ ಕೂಡಿ ಬರಬೇಕ್ರಿ.”

“ನಮ್ಮ ಮನಿ ಮಂದಿ ಅಂದ್ರ ಅವ್ವ ಒಬ್ಬಾಕಿ. ರಾಯಚೂರಾಗ ಅದಾಳ.”

“ಕರಕೊಂಡ ಬರ್ರಿ.”

“ವಿಚಾರ ಮಾಡಿ ಹೇಳ್ರಿ. ಆಕಿ ಸುಮ್ನ ಉಂಡು ಹೋಗಾಕಿ ಅಲ್ಲ. ನಿಮ್ಮ ಅವ್ವಾರ ಜೋಡಿ ಮಾತು ತಗೀತಾಳ.”

ನಿರೀಕ್ಷಾ ಈ ಸಲ ಕಣ್ಣು ತಪ್ಪಿಸುವ ಯೋಚನೆಯನ್ನೇ ಮಾಡಲಿಲ್ಲ. “ತಗೀಲಿ,” ಎಂದಳು.

ಸುಮಂತ ಅಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. “ಅವ್ವ, ಬರೂ ತಿಂಗಳ ಹೈದರಾಬಾದಿಗೆ ಬಾ. ಮದುವಿ ಐತಿ.”

“ಮದುವಿ? ಯಾರ್ದೋ?” ಎಂದರು ಬಸಲಿಂಗಮ್ಮ ಆ ಕಡೆಯಿಂದ.

ಅವನು ನಿರೀಕ್ಷಾಳನ್ನು ಕಣ್ತುಂಬ ನೋಡಿದ. ಕಿವಿ ಕೆಂಪಾಗುತ್ತಿತ್ತು.

“ಸದ್ಯಕ್ಕ ಇವರ ತಮ್ಮಂದು, ಅವ್ವ.”

ಬಸಲಿಂಗಮ್ಮನವರ ದನಿ ಮೆಲ್ಲಗಾಯಿತು. “ಇವರು ಅಂದ್ರ ಯಾರಪ?”

ಸುಮಂತ ಫೋನನ್ನು ನಿರೀಕ್ಷಾಳ ಕೈಗೆ ಕೊಟ್ಟ.