ರಬ್ಬರಿನ ಪುಡಿ

"ಆ ಬ್ಯಾಗ್ ತೆಗೀರಿ."

ಹಳೆ ಪುಸ್ತಕದಂಗಡಿಯ ಬಾಗಿಲಿಗೆ ಅಡ್ಡ ನಿಂತು ಅವಳು ಹೇಳಿದಳು.

ಎದುರಿಗಿದ್ದವನು ಪಕ್ಕದ ಕನ್ನಡಕದಂಗಡಿಯವನು. ಪ್ರತಿ ಭಾನುವಾರ ಅವಳು ಅಪ್ಪ, ಮಗಳೊಂದಿಗೆ ಬರುವ ಹೊತ್ತಿಗೆ ಸರಿಯಾಗಿ ಇಲ್ಲಿರುತ್ತಿದ್ದ. ಅವಳ ಮಗಳು ಯಾವ ಪುಸ್ತಕ ಎತ್ತಿಕೊಂಡಳು, ಯಾವುದನ್ನು ಬಿಟ್ಟಳು ಎಂದು ಓರೆಗಣ್ಣಲ್ಲಿ ನೋಡುತ್ತಿದ್ದ. ಇವತ್ತು ಮಗಳು ಕೆಳಗಿಟ್ಟ ಗಣಿತದ ಅಭ್ಯಾಸ ಪುಸ್ತಕ ಸದ್ದಿಲ್ಲದೆ ಅವನ ಬ್ಯಾಗು ಸೇರಿತ್ತು.

ಮಗಳಿಗೆ ಅವಳು ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಬಿಟ್ಟುಹೋದ ಗಂಡನಿಗೆ ಈಗ ಅದೇ ನೆಪ. 'ಶಾಲೆಗೆ ಕಳಿಸದೆ ಮಗೂನ ಹಾಳು ಮಾಡ್ತಿದ್ದೀಯ, ಕೋರ್ಟಿಗೆ ಹೋಗಿ ನಾನೇ ಕರ್ಕೊಂಡು ಹೋಗ್ತೀನಿ' ಎಂದಿದ್ದ.

'ಇವನು ಗಂಡನ ಕಡೆಯವನೇ... ಏನು ಓದಿಸ್ತೀನಿ ಅಂತ ಸುದ್ದಿ ಮುಟ್ಟಿಸ್ತಿದ್ದಾನೆ.'

ಒಳಗೆ ಅವಳ ಅಪ್ಪ ಮತ್ತು ಮಗಳು ನೆಲದ ಮೇಲೆ ಕೂತು ಒಂದೇ ಭೂಪಟದ ಪುಸ್ತಕಕ್ಕೆ ಕಿತ್ತಾಡುತ್ತಿದ್ದರು.

"ಬಿಡು ತಾತ, ಹೋದ ವಾರಾನೂ ನೀನೇ ಮೊದಲು ಓದಿದ್ದು."

ಅವನು ಬ್ಯಾಗು ತೆರೆದ. ಅಭ್ಯಾಸ ಪುಸ್ತಕ, ಗಾಜು ಒರೆಸುವ ಬಟ್ಟೆ, ಸವೆದು ಉಗುರಿನಷ್ಟಾದ ಎರಡು ರಬ್ಬರು.

"ಹಳೇ ಪುಸ್ತಕದಲ್ಲಿ ಯಾರೋ ಉತ್ತರ ಬರೆದಿರ್ತಾರೆ. 'ನಂಗೆ ಬಿಡಿಸೋಕೇನೂ ಉಳಿದಿಲ್ಲ' ಅಂತ ನಿಮ್ಮ ಮಗಳು ಒಂದ್ಸಲ ಅಂದಳು. ಅಂಗಡಿಯವರನ್ನ ಕೇಳೇ ಒಯ್ತೀನಿ. ಅಳಿಸಿ ತಂದಿಡ್ತೀನಿ."

ಅವಳಿಗೆ ಮನೆಯ ಮೇಜು ನೆನಪಾಯಿತು. ಕೊಂಡು ತಂದ ಪುಸ್ತಕ ಬಿಡಿಸಿದಾಗಲೆಲ್ಲ ಮಡಿಕೆಯಿಂದ ಬೂದು ಪುಡಿ ಉದುರುತ್ತಿತ್ತು. ಬೈದುಕೊಂಡೇ ಒರೆಸುತ್ತಿದ್ದಳು.

ಆದರೂ ಮನಸ್ಸು ಒಪ್ಪಲಿಲ್ಲ.

"ಪುಕ್ಕಟೆ ಉಪಕಾರ ನಾನು ನಂಬಲ್ಲ. ಯಾರು ಕಳಿಸಿದ್ರು ನಿಮ್ಮನ್ನ?"

"ಯಾರೂ ಇಲ್ಲ..." ಅವನು ತಲೆ ತಗ್ಗಿಸಿದ. "ಆದ್ರೆ ಬರೀ ಮಗೂಗೋಸ್ಕರ ಅಂದ್ರೆ ಅರ್ಧ ಸುಳ್ಳಾಗುತ್ತೆ."

ಅವಳ ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿಯಿತು.

"ಉಳಿದರ್ಧ ಹೇಳಿ."

"ಒಂದು ಪುಸ್ತಕ ಅಳಿಸೋಕೆ ಒಂದು ಸಂಜೆ ಸಾಕು. ನಾನು ವಾರಗಟ್ಟಲೆ ಎಳೀತೀನಿ. ಎಲ್ಲ ಒಂದೇ ಸಲ ತಂದಿಟ್ರೆ... ನೀವು ಮತ್ತೆ ಬರಬೇಕಲ್ಲ."

ಅವನ ಕಿವಿ ಕೆಂಪಾಗಿತ್ತು. ಬೆರಳ ತುದಿಗಳಲ್ಲಿ ಪೆನ್ಸಿಲಿನ ಕಪ್ಪು. ಇಷ್ಟು ಭಾನುವಾರ ಅವನ ಕಣ್ಣಿನ ಮೇಲೇ ಕಣ್ಣಿಟ್ಟಿದ್ದಳು. ಕೈಯನ್ನು ಒಮ್ಮೆಯೂ ನೋಡಿರಲಿಲ್ಲ.

"ಅಂದ್ರೆ ನನ್ನ ಅನುಮಾನ ಪೂರ್ತಿ ತಪ್ಪಲ್ಲ."

"ಪೂರ್ತಿ ಅಲ್ಲ."

ಒಳಗಿನಿಂದ ಅಪ್ಪ ಕೂಗಿದರು. "ಸಿಕ್ಕಿಬಿದ್ನೇನಮ್ಮಾ? ಅಳಿಸೋದನ್ನ ನಾನು ಯಾವತ್ತೋ ನೋಡಿದ್ದೆ."

"ನಂಗೆ ಹೇಳಬಾರದಿತ್ತಾ ಅಪ್ಪ?"

"ಓದ್ತಾ ಇದ್ದೆ ಕಣೇ, ಮರೆತುಹೋಯ್ತು."

ನಗು ಬಂತು. ತಡೆದುಕೊಂಡು ಬಾಗಿಲಿನಿಂದ ಸರಿದಳು.

"ಈ ಪುಸ್ತಕ ನಿಮ್ಮ ಮನೆಗೆ ಒಯ್ಯಬೇಡಿ."

ಅವನ ಮುಖ ಬಾಡಿತು.

"ನಮ್ಮನೇಲಿ ದೊಡ್ಡ ಮೇಜಿದೆ. ಅಲ್ಲೇ ಕೂತು ಅಳಿಸಿ. ನಾನು ನೋಡ್ತಿರ್ತೀನಿ."

"ಇನ್ನೂ ಅನುಮಾನಾನಾ?"

"ಹೂಂ. ಸ್ವಲ್ಪ ದಿನ ಇರಲಿ."

"ಎಷ್ಟು ದಿನ?"

ಅವಳು ಪುಸ್ತಕವನ್ನು ಅವನ ಕೈಗಿಟ್ಟಳು.

"ನಿಧಾನವಾಗಿ ಅಳಿಸ್ತೀರಲ್ಲ... ಹಾಗೇ ಅಳಿಸಿ."